ಗರ್ಭಕೋಶ ತೆಗೆಸಿದ್ದೇವೆ, ಬುದ್ಧಿಯನ್ನಲ್ಲ



ನಮ್ಮ ಸಂಘದಲ್ಲಿ ಒಬ್ಬ ಅಕ್ಕ ಇದ್ದಾರೆ. ಹತ್ತು ವರ್ಷ ಲೆಕ್ಕ ಬರೆದವರು. ಯಾರ ಉಳಿತಾಯ ಎಷ್ಟು, ಯಾರ ಸಾಲದ ಕಂತು ಎಷ್ಟು ಬಾಕಿ ಎಂದು ಪುಸ್ತಕ ತೆರೆಯದೆಯೇ ಹೇಳುತ್ತಿದ್ದರು. ಮೂವತ್ತಾರನೇ ವಯಸ್ಸಿಗೆ ಗರ್ಭಕೋಶ ತೆಗೆಸಿಕೊಂಡು ಬಂದ ಮೇಲೆ ಅವರು ಬದಲಾದರು. ಬ್ಯಾಂಕಿಗೆ ಹೋದರೆ ಪಾಸ್‌ಬುಕ್ ಮನೆಯಲ್ಲೇ ಉಳಿಯುತ್ತಿತ್ತು. ಒಂದೇ ಕಂತನ್ನು ಎರಡು ಸಲ ಬರೆದರು. ನಾವು ನಕ್ಕೆವು. "ಅರವತ್ತಕ್ಕೆ ಅರಳುಮರಳು ಅಂತಾರೆ, ನಿಂಗೆ ನಲವತ್ತಕ್ಕೆ ಮುಂಚೆನೇ ಬಂತಲ್ಲಕ್ಕಾ" ಎಂದೆವು. ಅವರೂ ನಕ್ಕರು.

ಒಲೆಯ ಮೇಲಿನ ಹಾಲು ಮರೆತದ್ದಕ್ಕೆ ಆ ಹೊತ್ತಿಗಾಗಲೇ ಗಂಡನ ಕೈಯಲ್ಲಿ ಏಟು ತಿಂದಿದ್ದರು ಎಂಬುದು ನಮಗೆ ತಿಳಿದದ್ದು ಆರು ತಿಂಗಳ ನಂತರ. "ತಲೆ ಕೆಟ್ಟವಳನ್ನು ಇಟ್ಕೊಂಡು ಏನು ಮಾಡೋದು" ಎಂದು ಅತ್ತೆ ಮಗನಿಗೆ ಬೇರೆ ಹೆಣ್ಣು ನೋಡುತ್ತಿದ್ದರು. ಆಪರೇಶನ್ನಿಗೆ ಮಾಡಿದ ಸಾಲವನ್ನು ತವರಿನಿಂದ ತಂದು ತೀರಿಸು ಎಂಬ ಕಾಟ ಬೇರೆ. ಅಂದು ಸಭೆಯಲ್ಲಿ ನಾವು ನಕ್ಕ ನಗುವೂ ಆ ಏಟುಗಳ ಜೊತೆಗೆ ಸೇರಿಕೊಂಡಿತ್ತು. ಆ ತಪ್ಪು ಇನ್ನೊಂದು ಸಂಘದಲ್ಲಿ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ದೇಹವನ್ನು ನಾವೇ ತಿಳಿಯೋಣ. ಗರ್ಭಕೋಶ ಬೇರೆ, ಅಂಡಾಶಯ ಬೇರೆ. ಗರ್ಭಕೋಶದ ಎರಡೂ ಬದಿಗೆ ಇರುವ ಅಂಡಾಶಯಗಳೇ ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಈ ಹಾರ್ಮೋನು ಮುಟ್ಟಿಗೆ ಮಾತ್ರ ಬೇಕಾದುದಲ್ಲ. ಮೂಳೆಗೆ, ಹೃದಯಕ್ಕೆ, ನಿದ್ದೆಗೆ, ಮೆದುಳಿಗೆ ಎಲ್ಲಕ್ಕೂ ಬೇಕು. ಮುಟ್ಟು ತಾನಾಗಿ ನಿಲ್ಲುವಾಗ ಇದು ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಎರಡೂ ಅಂಡಾಶಯಗಳನ್ನು ತೆಗೆದುಬಿಟ್ಟರೆ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಮೈಯೆಲ್ಲಾ ಬಿಸಿಯೇರುವುದು, ರಾತ್ರಿ ಬೆವರಿ ಎಚ್ಚರವಾಗುವುದು, ಕೀಲುನೋವು, ಕಾರಣವಿಲ್ಲದ ಅಳು, ಸಿಟ್ಟು, ಬಾಯಿಗೆ ಬಂದ ಹೆಸರು ಮರೆತುಹೋಗುವುದು ಇವೆಲ್ಲ ಆಗ ಬರುತ್ತವೆ. ಅಂಡಾಶಯ ಉಳಿಸಿಕೊಂಡವರಿಗೂ ಅದರ ಕೆಲಸ ಕೆಲವು ವರ್ಷ ಮೊದಲೇ ನಿಲ್ಲಬಹುದು.

ಅಮೆರಿಕದ ಮೇಯೊ ಕ್ಲಿನಿಕ್ ಸಂಶೋಧಕರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮುಟ್ಟು ನಿಲ್ಲುವ ಮೊದಲೇ ಅಂಡಾಶಯ ತೆಗೆಸಿಕೊಂಡ ಹೆಂಗಸರಿಗೆ ಮುಂದೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು ಎಂದು ಅದು ತೋರಿಸಿತು. ಐವತ್ತು ವರ್ಷದವರೆಗಾದರೂ ಈಸ್ಟ್ರೋಜೆನ್ ಔಷಧಿ ತೆಗೆದುಕೊಂಡವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಎಲ್ಲರಿಗೂ ಕಾಯಿಲೆ ಬರುತ್ತದೆ ಎಂದು ಇದರ ಅರ್ಥವಲ್ಲ. ಹೊಟ್ಟೆ ಕೊಯ್ದು ಹೊಲಿಗೆ ಹಾಕಿ ಮನೆಗೆ ಕಳಿಸಿದರೆ ವೈದ್ಯರ ಜವಾಬ್ದಾರಿ ಮುಗಿಯಲಿಲ್ಲ ಎಂಬುದು ಇದರ ಅರ್ಥ. ಹಾಗಾದರೆ ನಮ್ಮಲ್ಲಿ ಎಷ್ಟು ಜನರಿಗೆ ಈ ವಿಷಯ ಹೇಳಿದರು? ಅಂಡಾಶಯ ತೆಗೆದಿದ್ದಾರೋ ಉಳಿಸಿದ್ದಾರೋ ಎಂಬುದಾದರೂ ಎಷ್ಟು ಜನರಿಗೆ ಗೊತ್ತು?

ಗೊತ್ತಿಲ್ಲ, ಯಾಕೆಂದರೆ ನಮ್ಮನ್ನು ಯಾರೂ ಕೇಳಿಯೇ ಇಲ್ಲ. ಬಿಳಿಸೆರಗು, ಹೊಟ್ಟೆನೋವು, ಹೆಚ್ಚು ರಕ್ತಸ್ರಾವ ಎಂದು ಹೋದರೆ "ಕ್ಯಾನ್ಸರ್ ಆಗಬಹುದು, ತೆಗೆಸಿಬಿಡಿ" ಎನ್ನುತ್ತಾರೆ. "ಮಕ್ಕಳಾದ ಮೇಲೆ ಅದಿದ್ದು ಏನು ಪ್ರಯೋಜನ" ಎಂದು ಮನೆಯವರು ದನಿಗೂಡಿಸುತ್ತಾರೆ. ಹೆಣ್ಣಿನ ದೇಹ ಹೆರುವ ಯಂತ್ರ, ಕೆಲಸ ಮುಗಿದ ಭಾಗವನ್ನು ಕಿತ್ತು ಬಿಸಾಡಬಹುದು ಎಂಬ ಪುರುಷಪ್ರಧಾನ ಲೆಕ್ಕಾಚಾರವೇ ಆಸ್ಪತ್ರೆಯಲ್ಲೂ ಮನೆಯಲ್ಲೂ ನಡೆಯುತ್ತಿದೆ. ಕ್ಯಾನ್ಸರಿಗೆ, ಬೇರೆ ಚಿಕಿತ್ಸೆಗೆ ಬಗ್ಗದ ರಕ್ತಸ್ರಾವಕ್ಕೆ ಈ ಆಪರೇಶನ್ ಜೀವ ಉಳಿಸುತ್ತದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಿಳಿಸೆರಗಿಗೆ ಗರ್ಭಕೋಶ ತೆಗೆಯುವುದು ಶೀತಕ್ಕೆ ಮೂಗು ಕೊಯ್ದಂತೆ.

ಇದು ಒಬ್ಬಿಬ್ಬರ ಕಥೆಯಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಲಂಬಾಣಿ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳು ವಿನಾಕಾರಣ ತೆಗೆದ ವಿಷಯ 2015ರಲ್ಲಿ ಬಯಲಿಗೆ ಬಂತು. 2017ರಲ್ಲಿ ಆ ಹೆಣ್ಣುಮಕ್ಕಳೇ ನ್ಯಾಯ ಕೇಳಿ ಬೀದಿಗಿಳಿದರು. ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸಾವಿರಾರು ಹೆಂಗಸರು ಗರ್ಭಕೋಶ ಕಳೆದುಕೊಂಡಿರುವುದು 2019ರಲ್ಲಿ ಸುದ್ದಿಯಾಯಿತು. ಅಲ್ಲಿ ಒಂದು ದಿನ ಕೆಲಸ ತಪ್ಪಿದರೆ ಗುತ್ತಿಗೆದಾರ ದಂಡ ಹಾಕುತ್ತಾನೆ. ಮುಟ್ಟೇ ಇಲ್ಲದಿದ್ದರೆ ದಂಡವೂ ಇಲ್ಲ! ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥವೇ ಪ್ರಕರಣಗಳ ಮೇಲೆ 2013ರಲ್ಲಿ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಮಾನಿಸಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಹೇಳಿತು. ನಮ್ಮ ತಾಲ್ಲೂಕಿನಲ್ಲಿ ಅದು ಜಾರಿಯಾಗಿದೆಯೇ ಎಂದು ಕೇಳಬೇಕಾದವರು ನಾವೇ.

ಇನ್ನು ಮನೆಯ ದೌರ್ಜನ್ಯ. ಮರೆತದ್ದಕ್ಕೆ ಹೊಡೆಯುವುದು, "ಹುಚ್ಚಿ", "ಬರಿ ಚೀಲದವಳು" ಎಂದು ಹೀಯಾಳಿಸುವುದು, ಔಷಧಿಗೆ ಕಾಸು ಕೊಡದಿರುವುದು, ಗಾಯ ಮಾಗುವ ಮೊದಲೇ ಮೈಮೇಲೆ ಬೀಳುವುದು ಎಲ್ಲವೂ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ದೌರ್ಜನ್ಯವೇ. ಏಟು ಬಿದ್ದ ಗುರುತು ಇರಲೇಬೇಕೆಂದಿಲ್ಲ. ಔಷಧೋಪಚಾರದ ಖರ್ಚನ್ನೂ ಆ ಕಾಯಿದೆಯಲ್ಲಿ ಕೇಳಬಹುದು. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದರ ರಕ್ಷಣಾಧಿಕಾರಿ. 181ಕ್ಕೆ ಫೋನು ಮಾಡಿದರೂ ನೆರವು ಸಿಗುತ್ತದೆ. ಆಪರೇಶನ್ನಿನ ನೆಪದಲ್ಲಿ ತವರಿನಿಂದ ಹಣ ತಾ ಎಂದು ಪೀಡಿಸುವುದು ಕ್ರೌರ್ಯ. ನಾವು 498ಎ ಎಂದು ಕರೆಯುತ್ತಿದ್ದ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಾಗಿದೆ. ನಂಬರು ಬದಲಾದರೂ ಅಪರಾಧ ಬದಲಾಗಿಲ್ಲ. "ತಲೆ ಸರಿಯಿಲ್ಲ" ಎಂದು ಬರೆಸಿದ ಕಾಗದಕ್ಕೆ ಯಾರೂ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ಸಾಮಾನ್ಯ ಮರೆವು ಹುಚ್ಚಲ್ಲ, ವಿಚ್ಛೇದನಕ್ಕೆ ಕಾರಣವೂ ಅಲ್ಲ.

ಹಾಗಾದರೆ ಏನು ಮಾಡೋಣ? ಆಪರೇಶನ್ ಆದವರು ಮೊದಲು ಆಸ್ಪತ್ರೆಯ ದಾಖಲೆ ಕೇಳಿ ಪಡೆಯಿರಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯರ ಮೇಲಿರುವ ನಿಯಮ. ಅಂಡಾಶಯ ತೆಗೆದಿದ್ದಾರೆಯೇ ಎಂದು ಓದಿಸಿ ತಿಳಿಯಿರಿ. ತೆಗೆದಿದ್ದರೆ, ನಿಮಗಿನ್ನೂ ನಲವತ್ತೈದು ಆಗಿಲ್ಲದಿದ್ದರೆ, ಹಾರ್ಮೋನು ಚಿಕಿತ್ಸೆ ಬೇಕೇ ಎಂದು ಸ್ತ್ರೀರೋಗ ತಜ್ಞರನ್ನು ಕೇಳಲೇಬೇಕು. ಸ್ತನ ಕ್ಯಾನ್ಸರ್ ಆದವರಿಗೆ, ಇನ್ನು ಕೆಲವು ಕಾಯಿಲೆಯವರಿಗೆ ಅದು ಹೊಂದುವುದಿಲ್ಲ, ಆದ್ದರಿಂದ ಅಂಗಡಿಯಿಂದ ನೀವೇ ಮಾತ್ರೆ ತಂದು ನುಂಗಬೇಡಿ. ಎಲ್ಲ ಮರೆವೂ ಆಪರೇಶನ್ನಿನದೇ ಅಲ್ಲ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆ, ನಿದ್ದೆಗೇಡು, ಮನಸ್ಸಿನ ನೋವು ಎಲ್ಲವೂ ಮರೆವು ತರುತ್ತವೆ. ರಕ್ತ ಪರೀಕ್ಷೆ ಮಾಡಿಸಿ. ತಿಳಿದ ದಾರಿಯೇ ತಪ್ಪುವಂತಾದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ. ಎಳ್ಳು, ರಾಗಿ, ಸೊಪ್ಪು ತಿನ್ನಿ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನಲ್ಲ, ಎಲ್ಲರ ಜೊತೆ ಕೂತು ತಿನ್ನಿ. ದಿನಾ ಬಿಸಿಲಲ್ಲಿ ನಡೆಯಿರಿ.

ನಮ್ಮ ಅಜ್ಜಿಯರು ಮರೆಯಬಾರದೆಂದು ಸೆರಗಿಗೆ ಗಂಟು ಹಾಕುತ್ತಿದ್ದರು. ಅದರಲ್ಲಿ ಅವಮಾನವೇನಿತ್ತು? ಬೀಗದ ಕೈಗೆ ಒಂದೇ ಮೊಳೆ, ಕಾಗದಪತ್ರಕ್ಕೆ ಒಂದೇ ಚೀಲ, ಮಾಡಬೇಕಾದ್ದಕ್ಕೆ ಒಂದು ಪುಸ್ತಕ ಇಟ್ಟುಕೊಳ್ಳಿ. ಓದು ಬಾರದವರು ಮಕ್ಕಳ ಕೈಲಿ ಫೋನಿನಲ್ಲಿ ಅಲಾರಂ ಇಡಿಸಿ.

ಸಂಘ ಮಾಡಬೇಕಾದದ್ದೂ ಇದೆ. ಗರ್ಭಕೋಶ ತೆಗೆಸಲು ಸಾಲ ಕೇಳಿ ಬಂದ ಗೆಳತಿಗೆ ಹಣ ಕೊಡುವ ಮೊದಲು ಅವಳ ಜೊತೆ ಒಬ್ಬರು ಜಿಲ್ಲಾಸ್ಪತ್ರೆಗೆ ಹೋಗಿ ಎರಡನೇ ವೈದ್ಯರ ಅಭಿಪ್ರಾಯ ಕೇಳಿ ಬನ್ನಿ. ಮಾತ್ರೆಯಲ್ಲಿ ಗುಣವಾಗದೇ, ಅಂಡಾಶಯ ಉಳಿಸಬಹುದೇ ಎಂದು ಕೇಳಿ.

ನಮ್ಮ ಅಕ್ಕ ಈಗಲೂ ಲೆಕ್ಕ ಬರೆಯುತ್ತಾರೆ. ಅವರ ಪಕ್ಕದಲ್ಲಿ ಇನ್ನೊಬ್ಬಳು ಕೂತು ಓದಿ ಹೇಳುತ್ತಾಳೆ, ಇಬ್ಬರೂ ಸಹಿ ಹಾಕುತ್ತಾರೆ. ಚಿಕಿತ್ಸೆ ಶುರುವಾದ ಮೇಲೆ ಅವರಿಗೆ ನಿದ್ದೆ ಬರುತ್ತಿದೆ. ಗಂಡನ ಮೇಲಿನ ದೂರು ರಕ್ಷಣಾಧಿಕಾರಿಯ ಮುಂದಿದೆ. ಅದರ ವಿಚಾರಣೆಯ ತಾರೀಖನ್ನು ಅವರು ಮರೆತಿಲ್ಲ. ನಾವೂ ಮರೆಯುವುದಿಲ್ಲ, ಅಂದು ಸಂಘದವರೆಲ್ಲ ಅವರ ಜೊತೆ ಹೋಗುತ್ತೇವೆ.