ವಿಮಾನ ನಿಲ್ದಾಣದ ದಾರಿಯ ವೆಚ್ಚ

ಮಕ್ಕಳನ್ನು ಪರದೇಶಕ್ಕೆ ಕಳುಹಿಸಿಕೊಡುವುದು ಇಂದು ನಮ್ಮ ಮನೆತನಗಳಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ವಿಮಾನದ ಟಿಕೇಟನ್ನು ತಿಂಗಳುಗಳ ಮೊದಲೇ ಅಳೆದು ಸುರಿದು ಕೊಳ್ಳುವ ಜನ, ನಿಲ್ದಾಣದವರೆಗಿನ ದಾರಿಯ ಲೆಕ್ಕವನ್ನು ಮಾತ್ರ ಹೊರಡುವ ಗಳಿಗೆಗೆ ಬಿಡುತ್ತಾರೆ. ಈ ಅಲಕ್ಷ್ಯಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ.

2008ರ ಮೇ ತಿಂಗಳಿನಲ್ಲಿ ಬೆಂಗಳೂರಿನ ವಿಮಾನ ಸಂಚಾರವು ಊರೊಳಗಿನ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಯ ಸಮೀಪಕ್ಕೆ ಸ್ಥಳಾಂತರಗೊಂಡಿತು. ಜಯನಗರದಂತಹ ದಕ್ಷಿಣದ ಬಡಾವಣೆಗಳಿಂದ ಅಲ್ಲಿಗೆ ಸುಮಾರು 40 ಕಿ.ಮೀ. ದಾರಿ. ಓಲಾ, ಉಬರ್ ಮೊದಲಾದ ಆ್ಯಪ್‌ಗಳ ಮೂಲಕ ದೊರೆಯುವ ಕಾರುಗಳಿಗೆ ರಾಜ್ಯ ಸರ್ಕಾರವು 2024ರ ಫೆಬ್ರವರಿಯಲ್ಲಿ ಏಕರೂಪದ ದರವನ್ನು ಗೊತ್ತುಪಡಿಸಿತು. ಅದರಂತೆ ಹತ್ತು ಲಕ್ಷ ರೂ. ಒಳಗಿನ ಬೆಲೆಯ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂ., ಅನಂತರ ಪ್ರತಿ ಕಿ.ಮೀ.ಗೆ 24 ರೂ. ಹೀಗೆ 40 ಕಿ.ಮೀ.ಗೆ 964 ರೂ. ಆಗುತ್ತದೆ. ರಾತ್ರಿ 12ರಿಂದ ಬೆಳಗಿನ 6ರವರೆಗೆ ಶೇ. 10 ಹೆಚ್ಚು. ತೆರಿಗೆ ಸೇರಿದರೆ 1,100 ರೂ. ದಾಟುತ್ತದೆ, ಟೋಲ್ ಬೇರೆ. ಪರದೇಶದ ವಿಮಾನಗಳು ಬಹುಪಾಲು ನಡುರಾತ್ರಿಯ ಆಸುಪಾಸಿನಲ್ಲಿಯೇ ಬಂದು ಹೋಗುವುದರಿಂದ, ಈ ಹೆಚ್ಚಳವು ನಮ್ಮ ಕುಟುಂಬಗಳಿಗೆ ತಪ್ಪಿದ್ದಲ್ಲ. ಮಳೆ ಸುರಿಯುವಾಗ, ಹಬ್ಬದ ಮುನ್ನಾದಿನ, ಮೊಬೈಲಿನಲ್ಲಿ ಕಾಣುವ ಮೊತ್ತ ಇದನ್ನೂ ಮೀರುವುದುಂಟು. ಆಗ ಚಾಲಕನ ಮೇಲೆ ಹರಿಹಾಯುವುದು ತರವಲ್ಲ. ಆ ಮೊತ್ತವನ್ನು ತೋರಿಸುವುದು ಆ್ಯಪ್, ಚಾಲಕನಲ್ಲ. ಮರಳಿ ಬರುವ ಬಾಡಿಗೆಗಾಗಿ ಅವನು ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾಯಬೇಕಾಗುತ್ತದೆ.

ಒಬ್ಬರ ಪ್ರಯಾಣಕ್ಕೆ ಎಂಟು ಜನ, ಎರಡು ಕಾರು ಹೊರಡುವುದು ನಮ್ಮಲ್ಲಿ ವಾಡಿಕೆ. ಅಕ್ಕರೆ ದೊಡ್ಡದು, ನಿಜ. ಆದರೆ ಟಿಕೇಟಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಬಾಗಿಲಲ್ಲಿ ಕೈಬೀಸಿ, ಎರಡು ಕಾರುಗಳ ಹೋಗಿಬರುವ ಬಾಡಿಗೆ ತೆತ್ತು ಮರಳಬೇಕು. ಸಾಲ ಮಾಡಿ ಮಗನನ್ನು ಓದಲು ಕಳುಹಿಸುವ ತಂದೆಗೆ ಇದು ಹಗುರವಾದ ಹೊರೆಯಲ್ಲ. ಹಿರಿಯರು ಮನೆಯ ಹೊಸ್ತಿಲಲ್ಲಿಯೇ ಹರಸಿ ಬೀಳ್ಕೊಡಲಿ. ಒಬ್ಬಿಬ್ಬರು ಮಾತ್ರ ಜೊತೆಗೆ ಹೋಗಲಿ. ಸಾಮಾನು ಇರುವಾಗ ಕಾರು ಸರಿ. ಬರಿಗೈಯಲ್ಲಿ ಮರಳುವಾಗ ಬಿಎಂಟಿಸಿಯ ವಾಯುವಜ್ರ ಬಸ್ಸು ಇದ್ದೇ ಇದೆ. ಒಬ್ಬರಿಗೆ ಅದರ ದರ ಕಾರಿನ ಬಾಡಿಗೆಯ ಮೂರನೆಯ ಒಂದು ಪಾಲಿನ ಆಸುಪಾಸು. ಮೂರು ನಾಲ್ಕು ಜನರಿದ್ದರೆ ಕಾರೇ ಲೇಸು. ಮೈಸೂರಿನವರಿಗೆ ನೇರವಾಗಿ ನಿಲ್ದಾಣ ಮುಟ್ಟಿಸುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್ 2013ರಿಂದಲೂ ಇದೆ.

ಮಕ್ಕಳಿಗೂ ಒಂದು ಮಾತು. ವಯಸ್ಸಾದ ತಂದೆತಾಯಿಗಳು ನಿಮ್ಮಲ್ಲಿಗೆ ಬಂದು ಹಿಂದಿರುಗುವಾಗ, ಅವರು ವಿಮಾನ ಏರುವ ಮೊದಲೇ ಇಲ್ಲಿನ ಕಾರನ್ನೋ ಕರೆತರುವ ಬಂಧುವನ್ನೋ ಗೊತ್ತುಮಾಡಿಡಿ. ನಡುರಾತ್ರಿ ಇಳಿದು, ಮೊಬೈಲಿನ ಬಳಕೆ ತಿಳಿಯದೆ ಕಂಗೆಟ್ಟು ನಿಂತವರು, ಬಾಗಿಲಲ್ಲಿ ಮೇಲೆಬಿದ್ದು ಕರೆಯುವ ಅಪರಿಚಿತರ ಹಿಂದೆ ಹೋಗಿಬಿಡುತ್ತಾರೆ, ಕೇಳಿದಷ್ಟು ಕೊಡುತ್ತಾರೆ. ಸಾವಿರಾರು ಮೈಲಿಗಳ ಪ್ರಯಾಣಕ್ಕೆ ಏರ್ಪಾಡು ಮಾಡಿದವರು ಕೊನೆಯ ನಲವತ್ತು ಕಿಲೋಮೀಟರನ್ನು ಮರೆಯಬಾರದು ಎಂಬುದು ನಮ್ಮ ವಿನಂತಿ.