ಪೆಡಲು ಕೆಟ್ಟಿತೆಂದು ಎಸೆಯುವ ಮೊದಲು

ನಮ್ಮ ಲೈನಿನ ಹಾಡಿನ ಮೇಳದ ಹುಡುಗರು ಬೋನಸ್ಸಿನ ಹಣ ಕೂಡಿಸಿ, ಗಿಟಾರಿನ ದನಿಯನ್ನು ಮಾರ್ಪಡಿಸುವ ಒಂದು ಹಳೆಯ ಪೆಡಲನ್ನು ಕೊಂಡು ತಂದಿದ್ದರು. ಎರಡನೆಯ ಮಳೆಗಾಲಕ್ಕೆ ಅದು ಮೂಕವಾಯಿತು. ಪೇಟೆಯ ರಿಪೇರಿಯವರು ಮುಚ್ಚಳ ಬಿಚ್ಚಿ ನೋಡಿ, "ಬೋರ್ಡೇ ಹೋಗಿದೆ, ಹೊಸದು ತೆಗೆದುಕೊಳ್ಳಿ" ಎಂದರು. ನೋಡಿದ್ದಕ್ಕೆ ಕೂಲಿಯನ್ನೂ ಇಟ್ಟುಕೊಂಡರು. ಆಮೇಲೆ ನಾವೇ ಕುಳಿತು ಹುಡುಕಿದಾಗ ಸಿಕ್ಕಿದ್ದು ಇಷ್ಟೇ: ಗಿಟಾರಿನ ವೈರು ಸಿಕ್ಕಿಸುವ ಜ್ಯಾಕಿನೊಳಗಿನ ಒಂದು ತಗಡು ಕಿಲುಬು ಹಿಡಿದಿತ್ತು. ಬಹಳಷ್ಟು ಪೆಡಲುಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿ ಆ ತಗಡಿಗೇ ಸೇರಿರುತ್ತದೆ. ವೈರು ಸಿಕ್ಕಿಸಿದಾಗಲೇ ಕರೆಂಟು ಹರಿಯುವುದು. ಉಜ್ಜಿ ಒರೆಸಿದೆವು, ಪೆಡಲು ಹಾಡಿತು.

ಗೊತ್ತಿಲ್ಲದವನು ಎರಡು ಸಲ ದುಡ್ಡು ತೆರುತ್ತಾನೆ. ಆದ್ದರಿಂದ ನಮ್ಮ ಅಭಿಪ್ರಾಯ ಇದು: ಹೊಸ ಪೆಡಲಿಗೆ ಹಣ ಕೂಡಿಸುವ ಮೊದಲು, ಲೈನಿಗೊಂದು ಪರೀಕ್ಷೆಯ ಪೆಟ್ಟಿಗೆಯನ್ನು ನಾವೇ ಮಾಡಿಟ್ಟುಕೊಳ್ಳಬೇಕು.

ಅದೇನೂ ದೊಡ್ಡ ಯಂತ್ರವಲ್ಲ. ಬಿಸ್ಕತ್ತಿನ ತಗಡಿನ ಡಬ್ಬಿ ಸಾಕು. ತಗಡಾದರೆ ಗುಂಯ್ ಎನ್ನುವ ಶಬ್ದವೂ ಕಡಿಮೆ. ಅದರೊಳಗೆ ಎಲ್ಎಂ 386 ಎಂಬ ಎಂಟು ಕಾಲಿನ ಚಿಪ್ಪಿನಿಂದ ಮಾಡಿದ ಪುಟ್ಟ ಆಂಪ್ಲಿಫೈಯರು, 8 ಓಮಿನ ಸಣ್ಣ ಸ್ಪೀಕರು, ಅದಕ್ಕೆ ಬೇರೆಯದೇ ಒಂದು 9 ವೋಲ್ಟ್ ಬ್ಯಾಟರಿ. ಪೆಡಲಿಗೆ ಇನ್ನೊಂದು 9 ವೋಲ್ಟ್ ಬ್ಯಾಟರಿ. ಅದರ ದಾರಿಯಲ್ಲಿ 100 ಓಮಿನ ಒಂದು ರೆಸಿಸ್ಟರು. ಒಳಗೆಲ್ಲೋ ಶಾರ್ಟ್ ಆಗಿದ್ದರೂ 90 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯದಂತೆ ಅದು ತಡೆಯುತ್ತದೆ. ಆ ರೆಸಿಸ್ಟರಿನ ಎರಡು ತುದಿಗೆ ಮೀಟರು ಹಿಡಿದು ಅರ್ಧ ವೋಲ್ಟ್ ಕಂಡರೆ ಪೆಡಲು 5 ಮಿಲಿಆಂಪಿಯರು ಕುಡಿಯುತ್ತಿದೆ ಎಂದರ್ಥ. ಒಂದೆರಡು ಟ್ರಾನ್ಸಿಸ್ಟರಿನ ಹಳೆಯ ಬಗೆಯ ಪೆಡಲುಗಳಿಗೆ ಅಷ್ಟು ಸಾಕು. ಡಿಜಿಟಲ್ ಪೆಡಲುಗಳಿಗೆ ಈ ರೆಸಿಸ್ಟರು ಆಗದು, ಅವು ಬಹಳ ಕುಡಿಯುತ್ತವೆ.

ಪೆಟ್ಟಿಗೆಯ ಜೀವಾಳ ಒಂದು ವೈರು. ಅದರ ಮೊನೆಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಬೆಸೆದು, ಇನ್ನೊಂದು ತುದಿಯನ್ನು ಆಂಪ್ಲಿಫೈಯರಿಗೆ ಕೊಡಬೇಕು. ಕೆಪಾಸಿಟರು ಬ್ಯಾಟರಿಯ ವೋಲ್ಟನ್ನು ತಡೆದು, ದನಿಯನ್ನು ಮಾತ್ರ ಒಳಗೆ ಬಿಡುತ್ತದೆ. ಮೊಸಳೆ ಕ್ಲಿಪ್ಪಿನ ಕಪ್ಪು ವೈರನ್ನು ಪೆಡಲಿನ ಗ್ರೌಂಡಿಗೆ ಕಚ್ಚಿಸಿ. ರೇಡಿಯೋದ ಅಥವಾ ಮೊಬೈಲಿನ ಹಾಡನ್ನು ಸಣ್ಣ ದನಿಯಲ್ಲಿ ಪೆಡಲಿನೊಳಕ್ಕೆ ಬಿಡಿ. ಈಗ ಮೊನೆಯನ್ನು ಮೊದಲು ಒಳಬರುವ ಜ್ಯಾಕಿಗೆ, ಮುಂದಕ್ಕೆ ಒಂದೊಂದೇ ಬೆಸುಗೆಗೆ ಮುಟ್ಟಿಸುತ್ತಾ ಹೋಗಿ. ತೋಟದಲ್ಲಿ ನೀರಿನ ಪೈಪು ಎಲ್ಲಿ ಕಟ್ಟಿಕೊಂಡಿದೆಯೆಂದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರುವುದಿಲ್ಲವೆ, ಹಾಗೆಯೇ. ಎಲ್ಲಿ ಹಾಡು ನಿಂತಿತೋ ಅದಕ್ಕೂ ಅದರ ಹಿಂದಿನ ಜಾಗಕ್ಕೂ ನಡುವೆ ರೋಗ. ಟ್ರಾನ್ಸಿಸ್ಟರಿನ ಬೇಸಿನಲ್ಲಿ ಕೇಳಿಸಿ ಕಲೆಕ್ಟರಿನಲ್ಲಿ ಕೇಳಿಸದಿದ್ದರೆ ಅನುಮಾನ ಅದರ ಮೇಲೆ, ಇಲ್ಲವೆ ಅದರ ಸುತ್ತಲಿನ ರೆಸಿಸ್ಟರಿನ ಮೇಲೆ. 4558 ಚಿಪ್ಪಾದರೆ ಮೊದಲು ವೋಲ್ಟ್ ನೋಡಿ: 8ನೆಯ ಕಾಲಿನಲ್ಲಿ ಸುಮಾರು 9, 4ನೆಯದರಲ್ಲಿ ಸೊನ್ನೆ. ಜರ್ಮೇನಿಯಂ ಪಿಎನ್‌ಪಿ ಟ್ರಾನ್ಸಿಸ್ಟರಿನ ಹಳೆಯ ಫಜ್ ಪೆಡಲುಗಳಲ್ಲಿ ಪಾಸಿಟಿವ್ ತುದಿಯೇ ಗ್ರೌಂಡಾಗಿರುವುದುಂಟು. ಬ್ಯಾಟರಿ ಎರಡಿರಲಿ ಎಂದದ್ದು ಅದಕ್ಕೇ.

"ಆ ಗೊರಗೊರ ಸದ್ದಿಗೆ ಇಷ್ಟೆಲ್ಲ ಯಾಕಪ್ಪಾ" ಎಂದು ಹಿರಿಯರು ನಗುತ್ತಾರೆ. ನಗಲಿ. ಆ ಸದ್ದು ಹುಟ್ಟಿದ್ದೇ ಒಂದು ಕೆಟ್ಟ ಯಂತ್ರದಿಂದ. 1960ರಲ್ಲಿ ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕರ ಹಾಡು ಮುದ್ರಿಸುವಾಗ ಉಪಕರಣ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರು ಗೊರಗೊರ ಎಂದಿತು. ಮುದ್ರಣ ನೋಡಿಕೊಳ್ಳುತ್ತಿದ್ದ ಗ್ಲೆನ್ ಸ್ನಾಡಿ ಅದನ್ನು ಎಸೆಯಲಿಲ್ಲ. ಅದೇ ದನಿಯನ್ನು ಟ್ರಾನ್ಸಿಸ್ಟರಿನಿಂದ ತರುವ ದಾರಿ ಹುಡುಕಿದರು. ಅದು 1962ರಲ್ಲಿ ಮೇಸ್ಟ್ರೋ ಫಜ್‌ಟೋನ್ ಎಂಬ ಪೆಡಲಾಗಿ ಅಂಗಡಿಗೆ ಬಂತು.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಈ ಮೊನೆ ಬ್ಯಾಟರಿಯ ಪೆಡಲಿಗೆ ಮಾತ್ರ. ಗೋಡೆಯ ಕರೆಂಟಿನ ಆಂಪ್ಲಿಫೈಯರನ್ನು, ಅದರಲ್ಲೂ ವಾಲ್ವಿನದನ್ನು ಬಿಚ್ಚಿ ಇದನ್ನು ಮುಟ್ಟಿಸಬಾರದು. ಸ್ವಿಚ್ಚು ಆರಿಸಿದ ಮೇಲೂ ಅದರೊಳಗೆ ಜೀವ ತೆಗೆಯುವಷ್ಟು ವೋಲ್ಟ್ ಉಳಿದಿರಬಹುದು.

ಪೆಟ್ಟಿಗೆ ಒಬ್ಬರ ಮನೆಯಲ್ಲಿ ಬೀಗ ಹಾಕಿಕೊಂಡು ಕೂರುವುದು ಬೇಡ. ಮೇಳದವರು ಹಾಡು ಕಲಿಯುವ ಕೋಣೆಯಲ್ಲಿರಲಿ, ಹೆಣ್ಣುಮಕ್ಕಳೂ ಬೆಸುಗೆ ಹಿಡಿಯಲಿ. ಎಲೆ ಕಿತ್ತು ಪಳಗಿದ ಬೆರಳುಗಳಿಗೆ ಅದು ಕಷ್ಟವಲ್ಲ. ಕೆಲಸ ಮುಗಿದ ಮೇಲೆ ಎರಡೂ ಬ್ಯಾಟರಿ ತೆಗೆದಿಡಿ. ನಮ್ಮ ಬೆಟ್ಟದ ಮಳೆಯ ತೇವಕ್ಕೆ ಕ್ಲಿಪ್ಪುಗಳು ಬೇಗ ಹಸಿರಾಗುತ್ತವೆ.