ತಲೆಗಿಷ್ಟು ಬಾಡಿಗೆ

ದಾಬಸ್‌ಪೇಟೆಯಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೊರಟರೆ ಈಗ ಎದುರಾಗುವ ಮೊದಲ ಪ್ರಶ್ನೆ "ಎಷ್ಟು ಜನ?" ಅದು ಕಾಳಜಿಯಲ್ಲ, ಬಾಡಿಗೆ ತಲೆಲೆಕ್ಕಕ್ಕೆ ಬಂದಿದೆ.

ಒಂದು ಸಂಸಾರ ತಿಂಗಳಿಗೆ 5,000 ರೂಪಾಯಿ ಕೊಡಬಲ್ಲದು ಅಂದುಕೊಳ್ಳಿ. ಅದೇ ಎರಡು ಕೋಣೆಗೆ ಆರು ಹುಡುಗರು ತಲೆಗೆ 1,500ರಂತೆ ಕೊಟ್ಟರೆ 9,000. ಮಾಲೀಕರು ಯಾರನ್ನು ಉಳಿಸಿಕೊಳ್ಳುತ್ತಾರೆ? ನಮ್ಮ ಬಳಗದ ಗೆಳತಿಯೊಬ್ಬಳ ಕುಟುಂಬ ಹದಿನಾಲ್ಕು ವರ್ಷ ಇದ್ದ ಮನೆ ಖಾಲಿ ಮಾಡಿದ್ದು ಹೀಗೆ. ಅಮ್ಮನ ಕೆಲಸ, ತಮ್ಮನ ಶಾಲೆ ಇಲ್ಲೇ ಇವೆ. ಮನೆ ಮಾತ್ರ ತ್ಯಾಮಗೊಂಡ್ಲು ಕಡೆ ಹೋಯಿತು. ಜಮೀನೂ ಸ್ವಂತ ಮನೆಯೂ ಇಲ್ಲದ ಸ್ಥಳೀಯರೇ ಮೊದಲು ಊರು ಬಿಡುತ್ತಿರುವುದು.

ಟೀ ಅಂಗಡಿಯಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: "ಹಿಂದಿಯವರು ಬಂದು ಹಾಳು ಮಾಡಿದ್ರು." ನಾವು ಒಪ್ಪುವುದಿಲ್ಲ. ಬಿಹಾರ, ಒಡಿಶಾದ ಹುಡುಗರು ಶೀಟಿನ ಕೋಣೆಯಲ್ಲಿ ಸರದಿಯ ಮೇಲೆ ಮಲಗುತ್ತಾರೆ. ಹಗಲು ಪಾಳಿಯವನು ಎದ್ದ ಚಾಪೆಗೆ ರಾತ್ರಿ ಪಾಳಿಯವನು ಬರುತ್ತಾನೆ. ಅವರಿಗೇನು ಲಾಭ? ಮಾಲೀಕರನ್ನೂ ಸುಮ್ಮನೆ ಬೈಯಲಾರೆವು. ಹೊಲ ಕೈಗಾರಿಕೆಗೆ ಹೋದ ಮೇಲೆ, ಪರಿಹಾರದ ದುಡ್ಡಲ್ಲಿ ಕಟ್ಟಿಸಿದ ನಾಲ್ಕು ಕೋಣೆಯೇ ಹಲವರಿಗೆ ಜೀವನ.

ಸೋಂಪುರ ಕೈಗಾರಿಕಾ ಪ್ರದೇಶವನ್ನು ಮಾಡಿದ್ದು ಕೆಐಎಡಿಬಿ. ಕಾರ್ಖಾನೆಗೆ ನಿವೇಶನ, ರಸ್ತೆ, ಕರೆಂಟು ಎಲ್ಲಕ್ಕೂ ನಕ್ಷೆಯಲ್ಲಿ ಜಾಗವಿದೆ. ದುಡಿಯುವವರು ರಾತ್ರಿ ಎಲ್ಲಿ ಮಲಗಬೇಕು ಎಂಬುದನ್ನು ಸುತ್ತಲ ಹಳ್ಳಿಗಳಿಗೆ ಬಿಟ್ಟಂತಾಗಿದೆ.

ಇನ್ನೊಂದು ಕಡೆ, ತುಮಕೂರು ಹೆದ್ದಾರಿ ಮತ್ತು ಹೊಸಕೋಟೆಗೆ ಹೋಗುವ ಉಪನಗರ ವರ್ತುಲ ರಸ್ತೆಯನ್ನು ನಂಬಿ ಎದ್ದ ಲೇಔಟ್‌ಗಳು. ಶಿವಗಂಗೆ ಬೆಟ್ಟ ಕಾಣುತ್ತದೆಂದು ಮಾರಿದ ಈ ಜಾಗಗಳಲ್ಲಿ ಕಮಾನು, ಕಾಂಪೌಂಡು, ಬೀದಿದೀಪ ಇವೆ, ಮನೆಗಳು ಅಪರೂಪ. ಬೆಂಗಳೂರಿನವರ ಉಳಿತಾಯದ ಮೇಲೆ ಪಾರ್ಥೇನಿಯಂ ಬೆಳೆದಿದೆ.

ಕಾನೂನಾದರೂ ಇದೆಯೇ? 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲ. ಕೇಂದ್ರದ 2021ರ ಮಾದರಿ ಕಾಯ್ದೆ ಮನೆಯ ಅಡ್ವಾನ್ಸಿಗೆ ಎರಡು ತಿಂಗಳ ಬಾಡಿಗೆಯ ಮಿತಿ ಹಾಕಿದೆ, ಆದರೆ ರಾಜ್ಯ ತನ್ನದಾಗಿಸಿಕೊಂಡರೆ ಮಾತ್ರ ಅದಕ್ಕೆ ಬೆಲೆ.

ಮುಂದೆ ಕೈಗಾರಿಕೆಗೆ ಭೂಮಿ ತೆಗೆದುಕೊಳ್ಳುವಾಗ ಒಂದು ಪಾಲನ್ನು ಬಾಡಿಗೆ ಮನೆಗಳಿಗೆಂದೇ ಮೀಸಲಿಡಬೇಕು, ಹೊರಗಿನಿಂದ ಬಂದ ಒಂಟಿ ಕಾರ್ಮಿಕರಿಗೂ ಇಲ್ಲಿನ ಜಮೀನಿಲ್ಲದ ಸಂಸಾರಗಳಿಗೂ. ಖರ್ಚಿನಲ್ಲಿ ಕಾರ್ಖಾನೆಗಳೂ ಪಾಲು ಹಾಕಲಿ. ಭೂಸ್ವಾಧೀನದ ಸಭೆಗಳಲ್ಲಿ ಎಕರೆಯ ಬೆಲೆ ಕೇಳುವವರ ಜೊತೆ ನಾವೂ ನಿಂತು ಇದನ್ನು ಕೇಳುತ್ತೇವೆ.